ಆರು ಫ್ಯಾನ್, ಎರಡು ಹೆಡರ್: ಡೆಸ್ಕ್‌ಟಾಪ್‌ನಲ್ಲಿ ಯಾವ ಫ್ಯಾನನ್ನು ಎಲ್ಲಿಗೆ ಜೋಡಿಸಬೇಕು?

ಈಗ ಸಿಗುವ ಕ್ಯಾಬಿನೆಟ್‌ಗಳಲ್ಲಿ ಮುಂದೆ ಮೂರು, ಹಿಂದೆ ಒಂದು, ಮೇಲೆ ಎರಡು ಫ್ಯಾನ್ ಕೂರಿಸಲು ಜಾಗ ಇರುತ್ತದೆ. ಮಧ್ಯಮ ಬೆಲೆಯ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂಲರ್‌ನದ್ದು ಬಿಟ್ಟರೆ ಫ್ಯಾನ್ ಹೆಡರ್‌ಗಳು, ಅಂದರೆ ಫ್ಯಾನಿನ ತಂತಿ ಸಿಕ್ಕಿಸುವ ಪಿನ್‌ಗಳ ಜಾಗಗಳು, ಎರಡೋ ಮೂರೋ ಅಷ್ಟೇ. ಉಳಿದ ಫ್ಯಾನ್‌ಗಳನ್ನು ಎಲ್ಲಿಗೆ ಸಿಕ್ಕಿಸುವುದು? ಅವಸರದಲ್ಲಿ ಜೋಡಿಸುವವರು ಎಲ್ಲವನ್ನೂ ಪವರ್ ಸಪ್ಲೈನಿಂದ ಬರುವ ಮೋಲೆಕ್ಸ್ (ಹಳೆಯ ಬಗೆಯ, ನಾಲ್ಕು ಪಿನ್ನಿನ ದಪ್ಪ ಪವರ್ ಕನೆಕ್ಟರ್) ತಂತಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಫ್ಯಾನ್ ತಿರುಗುತ್ತದೆ, ನಿಜ. ಆದರೆ ಬ್ರೌಸರ್ ಒಂದೇ ತೆರೆದಿದ್ದಾಗಲೂ ಅದು ಭರ್ರೆನ್ನುತ್ತಲೇ ಇರುತ್ತದೆ.

ದಾರಿಗಳನ್ನು ಹೋಲಿಸುವ ಮುನ್ನ ಪ್ರತಿ ಫ್ಯಾನಿಗೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ? ಇದರ ವೇಗ ಎಷ್ಟಿರಬೇಕೆಂದು ಹೇಳುವುದು ಯಾವುದು? ಮದರ್‌ಬೋರ್ಡ್ ಹೆಡರ್‌ನಲ್ಲಿ ಎರಡೂ ಒಂದೇ ಕಡೆಯಿಂದ ಬರುತ್ತವೆ. ಹಲವು ಫ್ಯಾನ್‌ಗಳನ್ನು ಒಟ್ಟಿಗೆ ಸೇರಿಸುವ ಹಬ್ ಬಳಸಿದರೆ ಕರೆಂಟ್ ಒಂದು ಕಡೆಯಿಂದ, ಆಜ್ಞೆ ಇನ್ನೊಂದು ಕಡೆಯಿಂದ. ಮೋಲೆಕ್ಸ್‌ನಲ್ಲಿ ಕರೆಂಟ್ ಇದೆ, ಆಜ್ಞೆ ಕೊಡುವವರೇ ಇಲ್ಲ. ಫ್ಯಾನ್ ವಿಚಾರದಲ್ಲಿ ಆಗುವ ಮುಕ್ಕಾಲು ಪಾಲು ಎಡವಟ್ಟುಗಳು ಇವೆರಡನ್ನು ಕಲಸಿಕೊಂಡಿದ್ದರಿಂದ ಆದವು.

ಮೂರು ಪಿನ್, ನಾಲ್ಕು ಪಿನ್

ಮೂರು ಪಿನ್ ಫ್ಯಾನಿನಲ್ಲಿ ಕ್ರಮವಾಗಿ ಗ್ರೌಂಡ್, 12 ವೋಲ್ಟ್ ಮತ್ತು ವೇಗ ತಿಳಿಸುವ ಟ್ಯಾಕೋ ತಂತಿ ಇರುತ್ತವೆ. ನಾಲ್ಕು ಪಿನ್ನಿನದರಲ್ಲಿ ಇವುಗಳ ಜೊತೆಗೆ ಪಿಡಬ್ಲ್ಯುಎಂ (ಮಿಡಿತದ ಅಗಲ ಬದಲಿಸಿ ವೇಗ ಹೇಳುವ ವಿಧಾನ) ಆಜ್ಞೆಯ ತಂತಿ. ಮೂರು ಪಿನ್ನಿನ ವೇಗ ಇಳಿಸಬೇಕೆಂದರೆ ವೋಲ್ಟೇಜನ್ನೇ ಇಳಿಸಬೇಕು. ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಯಲ್ಲಿ, ಇದಕ್ಕೆ ಡಿಸಿ ಮೋಡ್ ಎಂದು ಹೆಸರು. ನಾಲ್ಕು ಪಿನ್ ಫ್ಯಾನಿಗೆ 12 ವೋಲ್ಟ್ ಸದಾ ಪೂರ್ತಿ ಸಿಗುತ್ತಿರುತ್ತದೆ. ನಾಲ್ಕನೆಯ ತಂತಿಯಲ್ಲಿ ಸೆಕೆಂಡಿಗೆ ಸುಮಾರು 25,000 ಸಲ ಬಂದುಹೋಗುವ ಸಂಕೇತ, ಪ್ರತಿ ಸಲವೂ ಎಷ್ಟು ಹೊತ್ತು ಏರಿ ನಿಂತಿದೆ ಎಂಬುದನ್ನು ನೋಡಿ ಫ್ಯಾನಿನೊಳಗಿನ ಚಿಪ್ ತನ್ನ ವೇಗ ನಿರ್ಧರಿಸುತ್ತದೆ. 25 ಕಿಲೋಹರ್ಟ್ಜ್ ಅಂದರೆ ಮನುಷ್ಯರ ಕಿವಿಗೆ ಕೇಳದ ಎತ್ತರ. ಈ ಅಂಕಿ ಇಂಟೆಲ್‌ನ ನಾಲ್ಕು ತಂತಿ ಫ್ಯಾನ್ ಮಾನದಂಡದ್ದು, ಉಳಿದವರೂ ಇದನ್ನೇ ಪಾಲಿಸುತ್ತಾರೆ.

ಆಜ್ಞೆಯ ತಂತಿಯಲ್ಲಿ ಏನೂ ಬರದಿದ್ದರೆ ನಾಲ್ಕು ಪಿನ್ ಫ್ಯಾನ್ ನಿಲ್ಲುವುದಿಲ್ಲ, ಪೂರ್ಣ ವೇಗಕ್ಕೆ ಹೋಗುತ್ತದೆ. ಒಳಗೆ ಆ ತಂತಿಯನ್ನು ಮೇಲಕ್ಕೆಳೆದು ಹಿಡಿಯುವ ರೆಸಿಸ್ಟರ್ ಇರುತ್ತದೆ. ತಂತಿ ಕಿತ್ತುಹೋದರೂ ಪ್ರೊಸೆಸರ್ ಸುಡಬಾರದೆಂಬ ಮುನ್ನೆಚ್ಚರಿಕೆ ಅದು. ಹಾಗಾಗಿ ಕಾರಣವಿಲ್ಲದೆ ಫ್ಯಾನ್ ಏಕಾಏಕಿ ಜೋರಾದರೆ ಮೊದಲು ನೋಡಬೇಕಾದ್ದು ನಾಲ್ಕನೆಯ ತಂತಿಯನ್ನು.

ಎರಡೂ ಬಗೆಯ ಕನೆಕ್ಟರ್ ಒಂದಕ್ಕೊಂದು ಹೊಂದುತ್ತವೆ. ಹೆಡರ್‌ನ ಪಕ್ಕದ ಪ್ಲಾಸ್ಟಿಕ್ ನಾಲಗೆ ಮೊದಲ ಮೂರು ಪಿನ್‌ಗಳ ಎದುರಿಗೆ ಮಾತ್ರ ಇರುವುದರಿಂದ ತಪ್ಪು ಜಾಗಕ್ಕೆ ಕೂರುವ ಭಯವಿಲ್ಲ. ಆದರೆ ತಂತಿಯ ಬಣ್ಣ ನಂಬಿ ಕತ್ತರಿ ಹಿಡಿಯಬೇಡಿ. ಹಳೆಯ ಮೂರು ಪಿನ್ ಪದ್ಧತಿಯಲ್ಲಿ ಕೆಂಪು 12 ವೋಲ್ಟ್, ಹಳದಿ ಟ್ಯಾಕೋ. ಇಂಟೆಲ್‌ನ ನಾಲ್ಕು ಪಿನ್ ಪದ್ಧತಿಯಲ್ಲಿ ಹಳದಿಯೇ 12 ವೋಲ್ಟ್, ಹಸಿರು ಟ್ಯಾಕೋ, ನೀಲಿ ಆಜ್ಞೆ. ಇತ್ತೀಚಿನವುಗಳಲ್ಲಿ ನಾಲ್ಕೂ ಕಪ್ಪು. ಸ್ಥಾನ ನೋಡಿ ಗುರುತಿಸಿ.

ಹೊಸದಾಗಿ ಕೊಳ್ಳುವುದಾದರೆ ನಾಲ್ಕು ಪಿನ್ನಿನದನ್ನೇ ಕೊಳ್ಳಿ, ಇದರಲ್ಲಿ ಚರ್ಚೆಗೆ ಜಾಗವಿಲ್ಲ. ವೋಲ್ಟೇಜ್ ಇಳಿಸಿ ಓಡಿಸುವ ಫ್ಯಾನ್, ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ನಿಂತೇ ಬಿಡುತ್ತದೆ. ಮತ್ತೆ ಹೊರಡಲು ನಿಂತ ವೋಲ್ಟೇಜಿಗಿಂತ ಹೆಚ್ಚು ಬೇಕು. ಪಿಡಬ್ಲ್ಯುಎಂ ಫ್ಯಾನ್ ಅದಕ್ಕಿಂತ ಬಹಳ ನಿಧಾನವಾಗಿ ಸಲೀಸಾಗಿ ತಿರುಗುತ್ತದೆ. ಆರ್ಕ್ಟಿಕ್ ಪಿ12 ಪಿಡಬ್ಲ್ಯುಎಂ ಪಿಎಸ್‌ಟಿ 200ರಿಂದ 1800 ಆರ್‌ಪಿಎಂವರೆಗೆ (ನಿಮಿಷಕ್ಕೆ ಇಷ್ಟು ಸುತ್ತು) ಹೋಗುತ್ತದೆ, ಆಜ್ಞೆ ಶೇ. 5ಕ್ಕಿಂತ ಕೆಳಗಿಳಿದರೆ ಪೂರ್ತಿ ನಿಲ್ಲುತ್ತದೆ. ನೋಕ್ಚುವಾ ಎನ್‌ಎಫ್-ಎ12x25 ಪಿಡಬ್ಲ್ಯುಎಂ ಗರಿಷ್ಠ 2000 ಆರ್‌ಪಿಎಂ, ಎಳೆಯುವುದು 0.14 ಆಂಪ್. ಮನೆಯಲ್ಲಿ ಮೂರು ಪಿನ್ ಫ್ಯಾನ್ ಆಗಲೇ ಇದ್ದರೆ ಎಸೆಯಬೇಕಿಲ್ಲ, ಅದಕ್ಕೆ ಡಿಸಿ ಮೋಡ್ ಇರುವ ಹೆಡರ್ ಮೀಸಲಿಡಿ.

ಮೊದಲ ಆಯ್ಕೆ: ನೇರವಾಗಿ ಹೆಡರ್‌ಗೆ

ಹೆಡರ್ ಖಾಲಿ ಇದ್ದರೆ ಬೇರೆ ಯೋಚನೆ ಬೇಡ. ವೇಗ ಕಾಣುತ್ತದೆ, ಹಿಡಿತ ಇರುತ್ತದೆ, ಖರ್ಚು ಸೊನ್ನೆ. ಸಿಪಿಯು_ಫ್ಯಾನ್ ಎಂದಿರುವಲ್ಲಿ ಪ್ರೊಸೆಸರ್ ಕೂಲರ್. ಎರಡು ಫ್ಯಾನಿನ ಕೂಲರ್ ಆದರೆ ಎರಡನೆಯದು ಸಿಪಿಯು_ಆಪ್ಟ್‌ಗೆ. ಏಸಸ್‌ನಲ್ಲಿ ಸಿಎಚ್‌ಎ_ಫ್ಯಾನ್, ಎಂಎಸ್‌ಐ ಮತ್ತು ಗಿಗಾಬೈಟ್‌ಗಳಲ್ಲಿ ಸಿಸ್_ಫ್ಯಾನ್ ಎಂದು ಬರೆದಿರುವವು ಕ್ಯಾಬಿನೆಟ್ ಫ್ಯಾನ್‌ಗಳಿಗೆ. ಸಿಪಿಯು_ಫ್ಯಾನ್ ಖಾಲಿ ಬಿಟ್ಟರೆ ಬೂಟ್ ಆಗುವಾಗ ಸಿಪಿಯು ಫ್ಯಾನ್ ಎರರ್ ಎಂದು ಬಂದು ಎಫ್1 ಒತ್ತಿ ಎನ್ನುತ್ತದೆ. ಆ ಎಚ್ಚರಿಕೆಯನ್ನು ಬಯೋಸ್‌ನಲ್ಲಿ ಆರಿಸುವುದು ಸುಲಭ, ಆರಿಸದಿರುವುದು ಒಳ್ಳೆಯದು.

ಸಾಮಾನ್ಯ ಹೆಡರ್‌ನ ಮಿತಿ 1 ಆಂಪ್, ಅಂದರೆ 12 ವ್ಯಾಟ್. ಪಂಪ್‌ಗೆಂದು ಕೊಟ್ಟಿರುವ ಕೆಲವು ಹೆಡರ್‌ಗಳು 2 ಅಥವಾ 3 ಆಂಪ್ ತಡೆಯುತ್ತವೆ. ಹೆಸರಿನಲ್ಲಿ ಪಂಪ್ ಇದ್ದ ಮಾತ್ರಕ್ಕೆ ಹಾಗೆಂದುಕೊಳ್ಳಬೇಡಿ. ಒಂದೇ ಕಂಪನಿಯ ಎರಡು ಪಂಪ್ ಹೆಡರ್‌ಗಳಿಗೇ ಬೇರೆ ಬೇರೆ ಮಿತಿ ಇರುವುದುಂಟು, ಮ್ಯಾನ್ಯುಯಲ್ ತೆರೆದು ನೋಡಿ.

ಒಂದು ಹೆಡರ್‌ನಿಂದ ಎಷ್ಟು ಫ್ಯಾನ್ ಓಡಿಸಬಹುದು ಎಂಬ ಲೆಕ್ಕಕ್ಕೆ ಫ್ಯಾನಿನ ನಡುವಿನ ಸ್ಟಿಕ್ಕರ್ ಓದಿ. 12 ವೋಲ್ಟ್, 0.25 ಆಂಪ್ ಎಂದಿದ್ದರೆ ಮೂರಕ್ಕೆ 0.75. ಅಲ್ಲಿಗೆ ನಿಲ್ಲಿಸಿ. ನಾಲ್ಕು ಹಾಕಿದರೆ ಕಾಗದದ ಮೇಲೆ 1 ಆಂಪ್‌ಗೆ ಸರಿಹೋಗುತ್ತದೆ, ಆದರೆ ಮೋಟಾರ್ ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಬರೆದದ್ದಕ್ಕಿಂತ ಹೆಚ್ಚು ಎಳೆಯುತ್ತದೆ, ಮೇಲಾಗಿ ಎಲ್ಲವೂ ಒಟ್ಟಿಗೇ ಹೊರಡುತ್ತವೆ. ಹೆಡರ್ ಸುಟ್ಟರೆ ಬದಲಾಯಿಸುವ ಬಿಡಿಭಾಗ ಅಲ್ಲಿಲ್ಲ, ಹೊಣೆ ಪೂರ್ತಿ ಬೋರ್ಡ್ ಮೇಲೆ ಬರುತ್ತದೆ. ಮಿತಿಯ ಶೇ. 75–80ರೊಳಗೆ ಇರುವುದು ಕ್ಷೇಮ.

ಸ್ಪ್ಲಿಟರ್ ಸಾಕೋ, ಹಬ್ ಬೇಕೋ

ಎರಡು–ಮೂರು ಫ್ಯಾನ್‌ಗೆ ಸ್ಪ್ಲಿಟರ್ (ಒಂದು ಹೆಡರನ್ನು ಕವಲೊಡೆಸುವ ತಂತಿ) ಸಾಕು. ಕೊಳ್ಳುವಾಗ ಒಂದನ್ನು ನೋಡಿ: ಹೊರಬರುವ ಎರಡು ಬಾಯಿಗಳಲ್ಲಿ ಒಂದರಲ್ಲಿ ನಾಲ್ಕು ಪಿನ್, ಇನ್ನೊಂದರಲ್ಲಿ ಮೂರನೆಯ ಪಿನ್ ಇಲ್ಲದೆ ಮೂರೇ ಇರಬೇಕು. ಅದು ತಯಾರಿಕೆಯ ದೋಷವಲ್ಲ, ಬೇಕೆಂದೇ ತೆಗೆದದ್ದು. ಪ್ರತಿ ಫ್ಯಾನ್ ಒಂದು ಸುತ್ತಿಗೆ ಎರಡು ಟ್ಯಾಕೋ ಮಿಡಿತ ಕಳಿಸುತ್ತದೆ. ಎರಡು ಫ್ಯಾನಿನ ಮಿಡಿತ ಒಂದೇ ತಂತಿಯಲ್ಲಿ ಸೇರಿದರೆ ಬೋರ್ಡಿಗೆ 2700 ಆರ್‌ಪಿಎಂ, ಮರುಕ್ಷಣ 900, ಹೀಗೆ ಹುಚ್ಚು ಅಂಕಿ ಕಾಣುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನ ಸಣ್ಣ ಅಂಗಡಿಗಳಲ್ಲಿ ಸಿಗುವ ಹೆಸರಿಲ್ಲದ ಸ್ಪ್ಲಿಟರ್‌ಗಳಲ್ಲಿ ಎಲ್ಲ ಪಿನ್ ಇರುವವೂ ಸಿಗುತ್ತವೆ. ಕೊಂಡಾಗಿದ್ದರೆ ಎರಡನೆಯ ಬಾಯಿಯ ಮೂರನೆಯ ತಂತಿ ಕತ್ತರಿಸಿ ಟೇಪ್ ಸುತ್ತಿ, ಸರಿಹೋಗುತ್ತದೆ. ಆರ್ಕ್ಟಿಕ್‌ನ ಪಿಎಸ್‌ಟಿ ಮಾದರಿಗಳಲ್ಲಿ ಸ್ಪ್ಲಿಟರ್ ಫ್ಯಾನಿನ ತಂತಿಯಲ್ಲೇ ಇದೆ, ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸುತ್ತ ಹೋಗಬಹುದು. ಆದರೆ ಕರೆಂಟ್ ಇನ್ನೂ ಅದೇ ಒಂದು ಹೆಡರ್‌ನದ್ದು, ಲೆಕ್ಕ ಮರೆಯಬೇಡಿ.

ನಾಲ್ಕು ದಾಟಿದರೆ ಹಬ್. ಒಳ್ಳೆಯ ಹಬ್ ಎಂದರೆ ಪವರ್ ಸಪ್ಲೈನಿಂದ ಸಾಟಾ (ಡಿಸ್ಕ್‌ಗಳಿಗೆ ಬಳಸುವ ಚಪ್ಪಟೆ ಕನೆಕ್ಟರ್) ಪವರ್ ತೆಗೆದುಕೊಂಡು, ಮದರ್‌ಬೋರ್ಡ್ ಹೆಡರ್‌ನಿಂದ ಆಜ್ಞೆಯ ತಂತಿಯನ್ನಷ್ಟೇ ಪಡೆಯುವಂಥದ್ದು. ಸಾಟಾ ಕನೆಕ್ಟರ್‌ನ 12 ವೋಲ್ಟ್ ಭಾಗದಲ್ಲಿ ಮೂರು ಪಿನ್, ಒಂದೊಂದಕ್ಕೆ 1.5 ಆಂಪ್, ಒಟ್ಟು 4.5 ಆಂಪ್, ಅಂದರೆ 54 ವ್ಯಾಟ್. ಹತ್ತು ಫ್ಯಾನಿಗೂ ಸಾಕಾಗಿ ಮಿಗುತ್ತದೆ. ಹೆಡರ್ ಮೇಲೆ ಭಾರವೇ ಇಲ್ಲ. ಒಂದನೆಯ ನಂಬರಿನ ಬಾಯಿಯ ಫ್ಯಾನಿನ ವೇಗ ಮಾತ್ರ ಬೋರ್ಡಿಗೆ ತಿಳಿಯುತ್ತದೆ, ಅದನ್ನು ಖಾಲಿ ಬಿಡಬೇಡಿ. ಹಬ್‌ಗೆ ಸಾಟಾ ತಂತಿ ಪವರ್ ಸಪ್ಲೈನಿಂದಲೇ ನೇರ ಬರಲಿ. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಅಡಾಪ್ಟರ್‌ಗಳಲ್ಲಿ ತಂತಿಗಳನ್ನು ಒಟ್ಟಿಗೆ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಒಳಗೆ ಶಾರ್ಟ್ ಆಗಿ ಕರಗಿ ಹೊತ್ತಿಕೊಂಡ ಉದಾಹರಣೆಗಳಿವೆ.

ಇಲ್ಲೊಂದು ಬಲೆ ಇದೆ. ಇಂಥ ಹಬ್‌ಗೆ ಮೂರು ಪಿನ್ ಫ್ಯಾನ್ ಸಿಕ್ಕಿಸಿದರೆ ಅದು ಯಾವಾಗಲೂ ಪೂರ್ಣ ವೇಗದಲ್ಲೇ ಓಡುತ್ತದೆ, ಬಯೋಸ್‌ನಲ್ಲಿ ಏನೇ ತಿದ್ದಿದರೂ ಅಷ್ಟೇ. ಹಬ್ ಕೊಡುತ್ತಿರುವುದು ಸದಾ 12 ವೋಲ್ಟ್, ಆಜ್ಞೆ ಕೇಳುವ ಕಿವಿ ಈ ಫ್ಯಾನಿಗಿಲ್ಲ. ಸ್ಪ್ಲಿಟರ್‌ನಲ್ಲಿ ಒಂದು ಮೂರು ಪಿನ್, ಒಂದು ನಾಲ್ಕು ಪಿನ್ ಬೆರೆಸಿದರೂ ಇದೇ ಪಾಡು: ಪಿಡಬ್ಲ್ಯುಎಂ ಮೋಡ್ ಇಟ್ಟರೆ ಮೂರು ಪಿನ್ನಿನದು ಅರಚುತ್ತದೆ, ಡಿಸಿ ಮೋಡ್ ಇಟ್ಟರೆ ನಾಲ್ಕು ಪಿನ್ನಿನದಕ್ಕೆ ಕಡಿಮೆ ವೋಲ್ಟೇಜ್ ಸಿಕ್ಕಿ ಒಳಗಿನ ಚಿಪ್ ತಡವರಿಸುತ್ತದೆ. ಬೆರಕೆ ಮಾಡಲೇಬೇಡಿ.

ಕಂಪ್ಯೂಟರಿನೊಳಗಿನ ಯುಎಸ್‌ಬಿ ಹೆಡರ್‌ಗೆ ಸೇರಿ ತಮ್ಮದೇ ತಂತ್ರಾಂಶ ಕೇಳುವ ದುಬಾರಿ ನಿಯಂತ್ರಕಗಳೂ ಇವೆ, ಕೋರ್ಸೇರ್ ಕಮಾಂಡರ್ ಪ್ರೊ ತರಹದವು. ಪ್ರತಿ ಬಾಯಿಯನ್ನೂ ಬೇರೆಬೇರೆ ಹಿಡಿಯಬಹುದು, ವೇಗ ಎಲ್ಲದರದ್ದೂ ಕಾಣುತ್ತದೆ. ಅಷ್ಟು ಬೇಕಾಗುವವರು ಕಡಿಮೆ. ಲಿನಕ್ಸ್ ಬಳಸುವವರಿಗೆ ಸಮಾಧಾನದ ಸಂಗತಿ, ಕಮಾಂಡರ್ ಪ್ರೊಗೆ ಕರ್ನಲ್‌ನಲ್ಲೇ ಡ್ರೈವರ್ ಇದೆ.

ಮೋಲೆಕ್ಸ್, ರೆಸಿಸ್ಟರ್ ತುಂಡು, ರಿಮೋಟ್ ಡಬ್ಬಿ

ಮೋಲೆಕ್ಸ್‌ಗೆ ನೇರ ಜೋಡಿಸಿದರೆ ಫ್ಯಾನ್ ಸದಾ ಪೂರ್ಣ ವೇಗ. ನಿಂತುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. 1000 ಆರ್‌ಪಿಎಂ ಒಳಗಿನ ನಿಧಾನದ ಒಂದು ಹಿಂಬದಿ ಫ್ಯಾನಿಗೆ ಪರವಾಗಿಲ್ಲ, ಬೇರೆಯದಕ್ಕೆ ಬೇಡ. ಹಳದಿ 12, ಕೆಂಪು 5 ವೋಲ್ಟ್ ನಡುವೆ ಫ್ಯಾನ್ ಕೂರಿಸಿ 7 ವೋಲ್ಟ್ ಪಡೆಯುವ ಹಳೆಯ ಯುಕ್ತಿಯೊಂದಿದೆ. ಅದರಲ್ಲಿ ಫ್ಯಾನಿನ ಕರೆಂಟ್ 5 ವೋಲ್ಟ್ ಸಾಲಿನೊಳಕ್ಕೆ ಹರಿಯುತ್ತದೆ. ಫ್ಯಾನ್ ಒಳಗೇ ಶಾರ್ಟ್ ಆದ ದಿನ ಡಿಸ್ಕ್‌ಗಳಿಗೆ ಹೋಗುವ 5 ವೋಲ್ಟ್ ಸಾಲಿಗೆ 12 ವೋಲ್ಟ್ ನುಗ್ಗುತ್ತದೆ. ಕೈಬಿಡಿ.

ನೋಕ್ಚುವಾ ಕೊಡುವ ಲೋ ನಾಯ್ಸ್ ಅಡಾಪ್ಟರ್ ಎಂಬುದು ರೆಸಿಸ್ಟರ್ ಹೊಕ್ಕ ಪುಟ್ಟ ತಂತಿ. ಎ12x25 ಅದರಿಂದ 2000ದಿಂದ 1700ಕ್ಕೆ ಇಳಿಯುತ್ತದೆ. ಬಯೋಸ್‌ನಲ್ಲಿ ಹಿಡಿತ ಇರುವವರಿಗೆ ಅದು ಡಬ್ಬದಲ್ಲೇ ಇರಲಿ. ಗುಂಡಿ ತಿರುಗಿಸುವ ನಿಯಂತ್ರಕಗಳೂ ಅಷ್ಟೇ: ಮನೆಯ ಸೀಲಿಂಗ್ ಫ್ಯಾನ್ ರೆಗ್ಯುಲೇಟರ್‌ನಂತೆ, ಸೆಕೆ ಆದಾಗ ನೀವೇ ನೆನಪಿಟ್ಟು ತಿರುಗಿಸಬೇಕು.

ಅಗ್ಗದ ಆರ್‌ಜಿಬಿ (ಬಣ್ಣದ ದೀಪದ) ಕ್ಯಾಬಿನೆಟ್‌ಗಳ ಜೊತೆ ಬರುವ ಆರು ಪಿನ್ ಕನೆಕ್ಟರ್‌ನ ಫ್ಯಾನ್‌ಗಳು ಬೇರೆಯೇ ಜಾತಿ. ಅವು ಜೊತೆಗೆ ಕೊಟ್ಟ ರಿಮೋಟ್ ಡಬ್ಬಿಗೆ ಮಾತ್ರ ಹೊಂದುತ್ತವೆ, ಪಿನ್ ಕ್ರಮ ಒಂದೊಂದು ಕಂಪನಿಯದ್ದು ಒಂದೊಂದು ಥರ. ಒಂದು ಕೆಟ್ಟರೆ ಅದೇ ಮಾದರಿ ಹುಡುಕಬೇಕು. ಕ್ಯಾಬಿನೆಟ್ ಆರಿಸುವಾಗ ದೀಪ ನೋಡುವ ಮುಂಚೆ ಫ್ಯಾನಿನ ತಂತಿಯ ತುದಿ ನೋಡಿ.

ದೀಪದ ತಂತಿ ಪ್ರತ್ಯೇಕ. ಎ-ಆರ್‌ಜಿಬಿ ಎಂದರೆ 5 ವೋಲ್ಟ್, ನಾಲ್ಕು ಜಾಗದಲ್ಲಿ ಮೂರು ಪಿನ್, ಒಂದು ಖಾಲಿ. ಸಾದಾ ಆರ್‌ಜಿಬಿ ಎಂದರೆ 12 ವೋಲ್ಟ್, ನಾಲ್ಕು ಪಿನ್. 5 ವೋಲ್ಟ್ ದೀಪವನ್ನು ಒತ್ತಿ 12 ವೋಲ್ಟ್ ಹೆಡರ್‌ಗೆ ತುರುಕಿದರೆ ಎಲ್‌ಇಡಿ ಆ ಕ್ಷಣಕ್ಕೇ ಹೋಗುತ್ತದೆ.

ಆಜ್ಞೆ ಯಾರದು: ಬಯೋಸೋ, ತಂತ್ರಾಂಶವೋ

ಇದು ಇಡೀ ವಿಷಯದಲ್ಲಿ ಹೆಚ್ಚು ಲಾಭ ಕೊಡುವ ಭಾಗ, ಹೆಚ್ಚಿನವರು ಮುಟ್ಟದೆ ಬಿಡುವ ಭಾಗವೂ ಇದೇ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ನಿಧಾನಕ್ಕೆ ತಿರುಗುವ ಮೂರು ಫ್ಯಾನ್, ಜೋರಾಗಿ ತಿರುಗುವ ಒಂದಕ್ಕಿಂತ ಯಾವತ್ತೂ ಮೇಲು.

ಬಯೋಸ್‌ನಲ್ಲಿ ಇದು ಏಸಸ್‌ಗೆ ಕ್ಯೂ-ಫ್ಯಾನ್, ಗಿಗಾಬೈಟ್‌ಗೆ ಸ್ಮಾರ್ಟ್ ಫ್ಯಾನ್, ಎಂಎಸ್‌ಐಗೆ ಹಾರ್ಡ್‌ವೇರ್ ಮಾನಿಟರ್, ಎಎಸ್‌ರಾಕ್‌ಗೆ ಫ್ಯಾನ್-ಟಾಸ್ಟಿಕ್ ಟ್ಯೂನಿಂಗ್. ಮೊದಲ ಕೆಲಸ, ಆಟೋ ಎಂದಿರುವ ಪ್ರತಿ ಹೆಡರ್‌ಗೂ ಮೋಡ್ ನೀವೇ ಹೇಳಿ: ನಾಲ್ಕು ಪಿನ್‌ಗೆ ಪಿಡಬ್ಲ್ಯುಎಂ, ಮೂರಕ್ಕೆ ಡಿಸಿ. ಹಬ್ ಬಳಸಿದಾಗ ಆಟೋ ಕೆಲವೊಮ್ಮೆ ತಪ್ಪು ಊಹಿಸುತ್ತದೆ, ಏಕೆಂದರೆ ಅದಕ್ಕೆ ಎದುರಿಗಿರುವುದು ಫ್ಯಾನ್ ಅಲ್ಲ.

ನಂತರ ಕನಿಷ್ಠ ವೇಗ ಹುಡುಕಿ. ಶೇ. 50ರಿಂದ ಐದೈದೇ ಇಳಿಸುತ್ತ ಹೋಗಿ, ಫ್ಯಾನ್ ನಿಂತ ಮಟ್ಟ ಗುರುತಿಸಿ, ಮತ್ತೆ ಐದೈದೇ ಏರಿಸಿ ಅದು ತಾನಾಗಿ ಹೊರಡುವ ಮಟ್ಟ ನೋಡಿ. ಆ ಎರಡನೆಯ ಅಂಕಿಗೆ ಇನ್ನೊಂದು ಐದು ಸೇರಿಸಿ ಕನಿಷ್ಠ ಎಂದು ಬರೆಯಿರಿ. ಡಿಸಿ ಮೋಡ್‌ನಲ್ಲಿ ಶೇ. 60 ಎಂದರೆ ಸುಮಾರು 7 ವೋಲ್ಟ್. ಮೂರು ಪಿನ್ ಫ್ಯಾನ್ ನಿಂತು, ಜರ್ಕ್ ಹೊಡೆದು, ಮತ್ತೆ ನಿಲ್ಲುತ್ತಿದ್ದರೆ ಈ ಮಟ್ಟ ತೀರಾ ಕೆಳಗಿದೆ ಎಂದರ್ಥ.

ಕ್ಯಾಬಿನೆಟ್ ಫ್ಯಾನಿಗೆ ಆರಂಭಕ್ಕೆ, ಪ್ರೊಸೆಸರ್ ಉಷ್ಣಾಂಶ ಇಷ್ಟಿದ್ದರೆ ವೇಗ ಇಷ್ಟು ಎಂದು ಹೇಳುವ ಹೀಗೊಂದು ಗೆರೆ ಹಾಕಿ ನೋಡಬಹುದು: 50 ಡಿಗ್ರಿ ಸೆಲ್ಸಿಯಸ್‌ವರೆಗೆ ಶೇ. 30, 65ಕ್ಕೆ 45, 75ಕ್ಕೆ 70, 85ಕ್ಕೆ ಪೂರ್ಣ. ಬೆಂಗಳೂರಿನ ಡಿಸೆಂಬರಿನಲ್ಲಿ ಕೂತು ಹಾಕಿದ ಗೆರೆ ಏಪ್ರಿಲ್‌ನ ಕಲಬುರಗಿಗೆ ಹೊಂದುವುದಿಲ್ಲ. ಕೋಣೆ 24ರಿಂದ 38 ಡಿಗ್ರಿಗೆ ಏರಿದರೆ ಒಳಗಿನ ಎಲ್ಲವೂ ಹೆಚ್ಚುಕಡಿಮೆ ಅಷ್ಟೇ 14 ಡಿಗ್ರಿ ಏರುತ್ತವೆ, ಸುಮ್ಮನೆ ಕೂತಿರುವ ಕಂಪ್ಯೂಟರ್ ಕೂಡ ಮೊದಲ ಮೆಟ್ಟಿಲು ದಾಟಿರುತ್ತದೆ. ಅಂಥ ಊರುಗಳಲ್ಲಿ ಮೊದಲ ಬಿಂದುವನ್ನು 60ರ ಹತ್ತಿರ ಇಡಿ.

ಪ್ರೊಸೆಸರ್ ಉಷ್ಣಾಂಶ ಒಂದು ಪುಟ ತೆರೆದರೂ ಕ್ಷಣಕ್ಕೆ 15 ಡಿಗ್ರಿ ಜಿಗಿದು ಇಳಿಯುತ್ತದೆ, ಎಎಂಡಿಯ ರೈಜೆನ್ ಪ್ರೊಸೆಸರ್‌ಗಳಲ್ಲಂತೂ ಇನ್ನೂ ಎದ್ದು ಕಾಣುತ್ತದೆ. ಫ್ಯಾನ್ ಅದನ್ನೇ ಹಿಂಬಾಲಿಸಿದರೆ ಉಯ್ಯ್ ಎಂದು ಏರಿ ಇಳಿಯುವ ಕಿರಿಕಿರಿ. ಬಯೋಸ್‌ನಲ್ಲಿ ಸ್ಟೆಪ್ ಅಪ್, ಸ್ಟೆಪ್ ಡೌನ್ ಸಮಯ (ವೇಗ ಏರಿಸಲು, ಇಳಿಸಲು ತೆಗೆದುಕೊಳ್ಳುವ ಹೊತ್ತು) ಇದ್ದರೆ ಅದನ್ನು ಗರಿಷ್ಠಕ್ಕೆ ಹತ್ತಿರ ಇಡಿ. ಹಿಸ್ಟೆರಿಸಿಸ್ (ಉಷ್ಣಾಂಶ ಎಷ್ಟು ಬದಲಾದರೆ ಮಾತ್ರ ವೇಗ ಬದಲಿಸಬೇಕೆಂಬ ಅಂತರ) ಇದ್ದರೆ 3–5 ಡಿಗ್ರಿ. ರೈಜೆನ್ 7950ಎಕ್ಸ್ ಥರದವು ಪೂರ್ಣ ಭಾರದಲ್ಲಿ 95 ಡಿಗ್ರಿಗೆ ಹೋಗಿ ನಿಲ್ಲುವಂತೆಯೇ ವಿನ್ಯಾಸಗೊಂಡಿವೆ, ಫ್ಯಾನ್ ಎಷ್ಟೇ ಅರಚಿದರೂ ಆ ಅಂಕಿ ಹೆಚ್ಚು ಇಳಿಯುವುದಿಲ್ಲ. ಅಲ್ಲಿ ಶೇ. 80ಕ್ಕೆ ಮಿತಿ ಹಾಕಿದರೆ ಕಿವಿಗೆ ಲಾಭ, ವೇಗದಲ್ಲಿ ನಷ್ಟ ಅತ್ಯಲ್ಪ.

ಬಯೋಸ್‌ನ ನಿಜವಾದ ಕೊರತೆ ಬೇರೆ: ಅದಕ್ಕೆ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡ್‌ನ ಉಷ್ಣಾಂಶ ಕಾಣುವುದಿಲ್ಲ. ರೈಜೆನ್ 5 5600 ಜೊತೆ ಆರ್‌ಟಿಎಕ್ಸ್ 4070 ಇದ್ದರೆ, ಆಟವಾಡುವಾಗ 200 ವ್ಯಾಟ್‌ವರೆಗೆ ಬಿಸಿ ಕಾರ್ಡಿನಿಂದ ಬರುತ್ತದೆ, 65 ವ್ಯಾಟ್ ವರ್ಗದ ಪ್ರೊಸೆಸರ್‌ನಿಂದ ಅದರ ಒಂದು ಪಾಲು. ಮುಂದಿನ ಫ್ಯಾನ್‌ಗಳು ಪ್ರೊಸೆಸರ್ ಉಷ್ಣಾಂಶ ನೋಡಿ ಆರಾಮಾಗಿ ತಿರುಗುತ್ತಿರುತ್ತವೆ, ಕಾರ್ಡ್ ಬೇಯುತ್ತಿರುತ್ತದೆ. ಆಟವಾಡುವವರಿಗೆ, ರೆಂಡರ್ ಮಾಡುವವರಿಗೆ ಈ ಕಾರಣಕ್ಕೇ ತಂತ್ರಾಂಶ ಬೇಕು.

ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಅತ್ಯುತ್ತಮ. ಪ್ರೊಸೆಸರ್‌ಗೊಂದು, ಕಾರ್ಡಿಗೊಂದು ಗೆರೆ ಹಾಕಿ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಮುಂದಿನ ಫ್ಯಾನಿಗೆ ಕೊಡು ಎನ್ನಬಹುದು. ಹಳೆಯ ಸ್ಪೀಡ್‌ಫ್ಯಾನ್‌ಗೆ ಈಗಿನ ಬೋರ್ಡುಗಳ ಚಿಪ್ ಗುರುತೇ ಸಿಗುವುದಿಲ್ಲ. ಇಂಥ ತಂತ್ರಾಂಶಗಳು ಬಳಸುತ್ತಿದ್ದ ವಿನ್‌ರಿಂಗ್0 ಡ್ರೈವರನ್ನು 2025ರ ಮಾರ್ಚ್‌ನಿಂದ ವಿಂಡೋಸ್ ಡಿಫೆಂಡರ್ ಅಪಾಯಕಾರಿ ಎಂದು ತಡೆಯತೊಡಗಿತು. ಹಳೆಯ ಆವೃತ್ತಿ ಇಟ್ಟುಕೊಂಡವರ ಫ್ಯಾನ್ ಪಟ್ಟಿ ಖಾಲಿಯಾದದ್ದು ಇದರಿಂದ. ಡಿಫೆಂಡರ್ ಆರಿಸಬೇಡಿ, ಹೊಸ ಆವೃತ್ತಿ ಹಾಕಿ.

ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಹಾಕಿ ಸೆನ್ಸರ್ಸ್-ಡಿಟೆಕ್ಟ್, ಆಮೇಲೆ ಪಿಡಬ್ಲ್ಯುಎಂ-ಕಾನ್ಫಿಗ್ ಓಡಿಸಿದರೆ ಒಂದೊಂದೇ ಫ್ಯಾನ್ ನಿಲ್ಲಿಸಿ ಯಾವ ಹೆಡರ್ ಯಾವುದೆಂದು ಅದೇ ಕಂಡುಹಿಡಿಯುತ್ತದೆ. ವೇಗ ಇಲ್ಲಿ 0ಯಿಂದ 255ರವರೆಗಿನ ಸಂಖ್ಯೆ, 128 ಎಂದರೆ ಅರ್ಧ. ರೀಬೂಟ್ ನಂತರ ಎಚ್‌ಡಬ್ಲ್ಯುಮಾನ್ ನಂಬರ್ (ಸೆನ್ಸರ್ ಚಿಪ್‌ಗೆ ಲಿನಕ್ಸ್ ಕೊಡುವ ಕ್ರಮಸಂಖ್ಯೆ) ಬದಲಾಗಿ, ಸಂರಚನೆ ಹಳೆಯದಾಗಿದೆ ಎಂದು ಫ್ಯಾನ್‌ಕಂಟ್ರೋಲ್ ಸೇವೆ ಶುರುವಾಗದಿರುವುದು ಇಲ್ಲಿನ ಮಾಮೂಲಿ ತಲೆನೋವು. ಪಿಡಬ್ಲ್ಯುಎಂ-ಕಾನ್ಫಿಗ್ ಮತ್ತೆ ಓಡಿಸಿ, ಇಲ್ಲವೇ ಚಿತ್ರರೂಪದ ಕೂಲರ್‌ಕಂಟ್ರೋಲ್ ಬಳಸಿ.

ಯಾವ ತಂತ್ರಾಂಶ ಹಾಕಿದರೂ ಬಯೋಸ್‌ನಲ್ಲಿ ಒಂದು ಸುರಕ್ಷಿತ ಗೆರೆ ಇರಲೇಬೇಕು. ತಂತ್ರಾಂಶ ಶುರುವಾಗುವ ಮುನ್ನ ಫ್ಯಾನ್ ಓಡುವುದು ಆ ಗೆರೆಯ ಪ್ರಕಾರ. ಲಿಕ್ವಿಡ್ ಕೂಲರ್‌ನ ಪಂಪನ್ನು ಈ ಆಟಕ್ಕೇ ತರಬೇಡಿ: ಅದು ಪಂಪ್ ಹೆಡರ್‌ನಲ್ಲಿ ಸದಾ ಶೇ. 100ರಲ್ಲಿರಲಿ, ರೇಡಿಯೇಟರ್ ಫ್ಯಾನ್‌ಗಳು ಸಿಪಿಯು_ಫ್ಯಾನ್‌ಗೆ ಬರಲಿ.

ಜೋಡಿಸಿದ ಮೇಲೆ

ತಂತಿ ಸಿಕ್ಕಿಸುವ ಮುನ್ನ ಪವರ್ ಸಪ್ಲೈನ ಹಿಂದಿನ ಸ್ವಿಚ್ ಆರಿಸಿ. ಓಡುತ್ತಿರುವಾಗ ಕನೆಕ್ಟರ್ ಓರೆಯಾಗಿ ಜಾರಿದರೆ 12 ವೋಲ್ಟ್ ಪಿನ್ ಪಕ್ಕದ್ದಕ್ಕೆ ತಾಗಬಹುದು. ಫ್ಯಾನಿನ ಚೌಕಟ್ಟಿನಲ್ಲಿ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ಮುಂದಿನವು ಒಳಕ್ಕೆ, ಹಿಂದಿನದು ಹೊರಕ್ಕೆ. ಒಳಬರುವ ಗಾಳಿ ತುಸು ಹೆಚ್ಚಿದ್ದರೆ ಧೂಳು ಫಿಲ್ಟರ್‌ನಲ್ಲೇ ಉಳಿಯುತ್ತದೆ, ಸಂದುಗಳಿಂದ ನುಗ್ಗುವುದಿಲ್ಲ.

ಆಮೇಲೆ ಬಯೋಸ್‌ನಲ್ಲಿ ಪ್ರತಿ ಹೆಡರನ್ನೂ ಒಂದೊಂದಾಗಿ ಶೇ. 100, ಮತ್ತೆ ಶೇ. 30ಕ್ಕೆ ತನ್ನಿ. ಆರ್‌ಪಿಎಂ ಏರಿ ಇಳಿದರೆ ಆಜ್ಞೆ ತಲುಪುತ್ತಿದೆ. ಏರಿದ್ದು ಇಳಿಯದೇ ಇದ್ದರೆ ಮೋಡ್ ತಪ್ಪಿದೆ, ಇಲ್ಲವೇ ಹಬ್‌ನಲ್ಲಿ ಮೂರು ಪಿನ್ ಫ್ಯಾನ್ ಇದೆ. ಫ್ಯಾನ್ ತಿರುಗುತ್ತಿದ್ದರೂ 0 ಎಂದು ತೋರಿಸಿದರೆ ಹಬ್‌ನ ಒಂದನೆಯ ಬಾಯಿ ಖಾಲಿ ಇರಬಹುದು, ಅಥವಾ ಸ್ಪ್ಲಿಟರ್‌ನಲ್ಲಿ ಮೂರು ಪಿನ್ನಿನ ಬಾಯಿ ಮಾತ್ರ ಬಳಸಿರಬಹುದು. ಎರಡೂ ಸರಿಯಿದ್ದು ವೇಗ 300ರ ಆಸುಪಾಸಿನಲ್ಲಿದ್ದರೆ, ಕೆಲವು ಬೋರ್ಡುಗಳು ಅಷ್ಟು ಕಡಿಮೆ ವೇಗವನ್ನು ಓದದೆ ಎನ್/ಎ ಎನ್ನುತ್ತವೆ. ಆಗ ಎಚ್ಚರಿಕೆಯ ಮಿತಿಯನ್ನು 200 ಆರ್‌ಪಿಎಂಗೆ ಇಳಿಸಿ.